ಇಲ್ಲದ ಕ್ಯಾಮೆರಾ ಹಿಡಿದವಳು

ಮನೆಯಲ್ಲಿ ಅವಳನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಮೈಕಟ್ಟು ಸಣ್ಣದೆಂದು ಬಂದ ಹೆಸರಲ್ಲ ಅದು. ಶಾಲೆಗೆ ಸೇರುವ ಮುಂಚೆಯೇ ಕಣ್ಣಿಗೆ ಸೋಂಕು ತಗುಲಿ ಬಲಗಣ್ಣಿನ ದೃಷ್ಟಿ ಹೋಗಿತ್ತು. ಅಂದಿನಿಂದ ಏನನ್ನು ನೋಡಬೇಕಾದರೂ ಕತ್ತನ್ನು ಒಂದಿಷ್ಟು ಓರೆ ಮಾಡಿ, ಆ ಕಡೆ ಈ ಕಡೆ ಅಲುಗಿಸಿ ನೋಡುವಳು. ಕಿಟಕಿಯ ಸರಳಿನ ಮೇಲೆ ಕೂತ ಗುಬ್ಬಚ್ಚಿ ಒಳಗಿರುವವರನ್ನು ಹಾಗೆಯೇ ಅಳೆದು ನೋಡುತ್ತದೆ. ಅದನ್ನು ಮೊದಲು ಗಮನಿಸಿ ಹೆಸರಿಟ್ಟವನು ಚಿಕ್ಕಪ್ಪ.

ಎರಡು ಕಣ್ಣಿದ್ದವರಿಗೆ ಲೋಟ ಎಷ್ಟು ದೂರದಲ್ಲಿದೆ ಎಂಬುದು ಯೋಚಿಸದೆಯೇ ಗೊತ್ತಾಗುತ್ತದೆ. ಗುಬ್ಬಿಗೆ ಹಾಗಲ್ಲ. ನೀರು ಬಗ್ಗಿಸುವಾಗ ಜಗ್ಗಿನ ಮೂತಿಯನ್ನು ಲೋಟದ ಅಂಚಿಗೆ ತಾಗಿಸಿಕೊಳ್ಳಬೇಕು. ಚೆಂಡು ಯಾರಾದರೂ ಎಸೆದರೆ ಅದು ಮುಖಕ್ಕೆ ಬಡಿದ ಮೇಲೆಯೇ ಹತ್ತಿರ ಬಂತೆಂದು ತಿಳಿಯುವುದು. ಅವಳ ಅಮ್ಮ ಇದಕ್ಕೆ ಎಷ್ಟೋ ಸಲ ಮರೆಯಲ್ಲಿ ಕಣ್ಣೊರೆಸಿಕೊಂಡದ್ದುಂಟು. ಮಗಳಿಗೆ ಮಾತ್ರ ಅದು ಸಂಕಟಕ್ಕಿಂತ ಹೆಚ್ಚಾಗಿ ಒಗಟಿನ ಹಾಗೆ ಕಂಡಿತ್ತು. ಒಂದು ಕಣ್ಣು ಮುಚ್ಚಿಕೊಂಡು ನೋಡಿ, ನಿಮಗೆ ಏನೇನು ಕಾಣುತ್ತೆ ಹೇಳಿ ಎಂದು ಮನೆಗೆ ಬಂದ ನೆಂಟರನ್ನೆಲ್ಲ ಪೀಡಿಸುತ್ತಿದ್ದಳು.

ಚಿಕ್ಕಪ್ಪ ಬೀದಿಯ ಮೂಲೆಯಲ್ಲಿ ಒಂದು ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ. ಗುರುತಿನ ಚೀಟಿಗೆ ಬೇಕಾದ ಚಿಕ್ಕ ಫೋಟೋಗಳೇ ಅವನ ಹೊಟ್ಟೆಪಾಡು. ಒಂದು ದಿನ ಅಣ್ಣನ ಮಗಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಕ್ಯಾಮೆರಾದ ಕಿಂಡಿಗೆ ಅವಳ ಎಡಗಣ್ಣು ಹಚ್ಚಿಸಿ, "ನೋಡು, ಇದಕ್ಕೂ ನಿನ್ನ ಹಾಗೆ ಒಂದೇ ಕಣ್ಣು. ಹಾಗಂತ ಇದನ್ನ ಯಾರಾದ್ರೂ ಅಯ್ಯೋ ಪಾಪ ಅಂತಾರಾ?" ಎಂದಿದ್ದ.

ಆ ಮಾತು ಹುಡುಗಿಯ ತಲೆಯಲ್ಲಿ ಬೇರು ಬಿಟ್ಟಿತು. ಒಂಟಿ ಕಣ್ಣಿನ ಪೆಟ್ಟಿಗೆ ದೂರವನ್ನೂ ಹತ್ತಿರವನ್ನೂ ಚಪ್ಪಟೆ ಕಾಗದದ ಮೇಲೆ ಹೇಗೆ ಹೇಳುತ್ತದೆ? ಅವಳು ಓದಿದ್ದು ಚಿತ್ರಕಲೆ, ಆಮೇಲೆ ಕಲಿತದ್ದು ಕಂಪ್ಯೂಟರ್. ಕೊನೆಗೆ ಕೆಲಸ ಸಿಕ್ಕಿದ್ದು ಅನಿಮೇಷನ್ ಸಿನಿಮಾ ತಯಾರಿಸುವ ಒಂದು ಕಂಪನಿಯಲ್ಲಿ, ಅಲ್ಲಿಯ ಕ್ಯಾಮೆರಾ ವಿಭಾಗದಲ್ಲಿ.

ಮೊದಲ ದಿನ ಹೋಗಿ ನೋಡಿದರೆ ಕ್ಯಾಮೆರಾ ವಿಭಾಗದಲ್ಲಿ ಕ್ಯಾಮೆರಾವೇ ಇಲ್ಲ. ಪರದೆ ಎಳೆದ ಉದ್ದನೆಯ ಕೋಣೆ, ಸಾಲು ಸಾಲು ಕಂಪ್ಯೂಟರು, ಎ.ಸಿ.ಯ ಚಳಿಗೆ ಪ್ರತಿ ಕುರ್ಚಿಯ ಬೆನ್ನಿಗೂ ಒಂದೊಂದು ಸ್ವೆಟರು. ಸಂಜೆ ಮನೆಗೆ ಬಂದು ಇದನ್ನು ಹೇಳಿದಾಗ ಅಮ್ಮ ಗಾಬರಿಯಾಗಿ, ಕಂಪನಿ ಸಾಚಾ ತಾನೆ ಎಂದು ವಿಚಾರಿಸಿಕೊಂಡರು.

ಕೆಲಸ ಕಲಿಸಿದವನು ಆ ವಿಭಾಗದ ಹಿರಿಯ. ಅವನನ್ನು ಎಲ್ಲರೂ ಮಸುಕಣ್ಣ ಎನ್ನುತ್ತಿದ್ದರು. ಚಿತ್ರದ ಯಾವ ಭಾಗ ಮಸುಕಾಗಬೇಕು, ಎಷ್ಟು ಮಸುಕಾಗಬೇಕು ಎಂದು ತೀರ್ಮಾನಿಸುವುದೇ ಅವನ ದಿನದ ಕಾಯಕ. ತಾಳ್ಮೆಯ ಮನುಷ್ಯ, ಕೋಪ ಬಂದರೆ ಎದ್ದು ಹೋಗಿ ಕಾಫಿ ಕುಡಿದು ಬರುವನು. ಕಂಪ್ಯೂಟರು ತನ್ನ ಪಾಡಿಗೆ ತಾನು ಚಿತ್ರ ಬರೆದರೆ ಹೇಗಿರುತ್ತದೆಂದು ಅವನು ತೋರಿಸಿದ. ಮೂಗಿನ ತುದಿಯಲ್ಲಿರುವ ಎಲೆಯೂ ಸ್ಪಷ್ಟ, ಹಿಂದಿನ ಬೆಟ್ಟವೂ ಅಷ್ಟೇ ಸ್ಪಷ್ಟ. ಓಡುವ ಕುದುರೆಯ ಕಾಲು ಗಾಳಿಯಲ್ಲಿ ಕಲ್ಲಿನಂತೆ ಗಟ್ಟಿ. ಎಲ್ಲೂ ಒಂದು ಧೂಳಿನ ಕಣವಿಲ್ಲ. ಆಮೇಲೆ ಅವನು ಒಂದೊಂದಾಗಿ ಕುಂದುಗಳನ್ನು ಸೇರಿಸತೊಡಗಿದ. ಹಿನ್ನೆಲೆ ಮಸುಕಾಯಿತು. ಕುದುರೆಯ ಕಾಲು ಗೆರೆಗೆರೆಯಾಗಿ ಕದಡಿತು. ಸೂರ್ಯನ ಕಡೆ ತಿರುಗಿದಾಗ ಗಾಜಿನೊಳಗೆ ಬೆಳಕು ಚೆಲ್ಲಿದಂತೆ ಬಣ್ಣದ ಬಳೆಗಳು ಮೂಡಿದವು. ಮೂಲೆಗಳು ಕಪ್ಪಿಟ್ಟವು, ಮೇಲೊಂದಿಷ್ಟು ಹಳೆಯ ಫಿಲ್ಮಿನಲ್ಲಿರುವಂಥ ರವೆ ರವೆ ಚುಕ್ಕೆಗಳು ಉದುರಿದವು. ಚಿತ್ರ ಅಲ್ಲಿಯವರೆಗೆ ಬೊಂಬೆಯಾಟದಂತಿದ್ದದ್ದು ಇದ್ದಕ್ಕಿದ್ದಂತೆ ಎಲ್ಲೋ ನಡೆದದ್ದನ್ನು ಯಾರೋ ಹೋಗಿ ಹಿಡಿದು ತಂದಂತಾಯಿತು.

ಗುಬ್ಬಿ ಕತ್ತು ಓರೆ ಮಾಡಿಕೊಂಡು ನೋಡಿದಳು. ಚಿಕ್ಕಪ್ಪ ಜೀವಮಾನವೆಲ್ಲ ಯಾವುದನ್ನು ತಪ್ಪಿಸಲು ಹೆಣಗಾಡಿದ್ದನೋ ಅದನ್ನೇ ಇಲ್ಲಿ ಸಂಬಳ ಕೊಟ್ಟು ಮಾಡಿಸುತ್ತಿದ್ದರು. ಯಾಕೆ ಎಂದು ಕೇಳಿದಳು. ಜನ ಕ್ಯಾಮೆರಾದಿಂದ ಹಿಡಿದ ಸಿನಿಮಾಗಳನ್ನು ನೋಡಿ ಬೆಳೆದವರು, ಅವರಿಗೆ ನಿಜ ಅಂದರೆ ಹಾಗೇ ಇರಬೇಕು ಎಂದು ಮಸುಕಣ್ಣ ಹೇಳಿದ. ಅವಳಿಗೆ ಅರ್ಧ ಸಮಾಧಾನವಾಯಿತು. ಮನೆಯಲ್ಲಿ ಚಿಕ್ಕಪ್ಪನನ್ನು ಕೇಳಿದರೆ ಅವನು ಬೇರೆ ರಾಗ ಎಳೆದ. ದೂರದ ಬೆಟ್ಟ ನುಣ್ಣಗೆ ಅಂತ ದೊಡ್ಡವರು ಸುಮ್ಮನೆ ಹೇಳಿದರಾ, ನಿಮ್ಮ ಕಂಪ್ಯೂಟರು ದೂರದ ಬೆಟ್ಟದ ಕಲ್ಲು ಎಣಿಸಲು ಹೋಗುತ್ತದೆ, ಅದಕ್ಕೇ ಯಾರೂ ನಂಬುವುದಿಲ್ಲ ಎಂದ. ಬಟ್ಟೆ ಮಡಚುತ್ತಿದ್ದ ಅಮ್ಮ ತಲೆ ಎತ್ತದೆಯೇ, "ಬಾಯಿ ತುಂಬ ಹಲ್ಲು ಒಂದೇ ಥರ ಇದ್ರೆ ಕಟ್ಟಿಸಿಕೊಂಡಿದ್ದು ಅಂತ ಗೊತ್ತಾಗಲ್ವಾ? ಅಷ್ಟೇ," ಎಂದರು.

ಮರುದಿನ ಗುಬ್ಬಿ ಅದನ್ನು ಆಫೀಸಿನಲ್ಲಿ ಹೇಳಿದಳು. ಮಸುಕಣ್ಣ ಬಿದ್ದು ಬಿದ್ದು ನಕ್ಕ. ಅಂದಿನಿಂದ ಯಾವುದೇ ದೃಶ್ಯ ಅತಿ ಚೊಕ್ಕಟವಾಗಿದ್ದರೆ ಆ ವಿಭಾಗದವರು ಅದಕ್ಕೆ 'ಕಟ್ಟಿಸಿದ ಹಲ್ಲು' ಎನ್ನತೊಡಗಿದರು.

ಹೀಗೆ ಕೆಲವು ವರ್ಷ ಕಳೆದವು. ಗುಬ್ಬಿಯ ಕೈ ಪಳಗಿತು. ಒಂಟಿ ಕಣ್ಣಿಗೆ ದೂರ ತಿಳಿಸುವ ಉಪಾಯಗಳೆಲ್ಲ ಅವಳಿಗೆ ಚಿಕ್ಕಂದಿನಿಂದ ಮೈಗೂಡಿದ್ದವು. ಈಗ ಅವೇ ಕಸುಬಾದವು. ಅದರಲ್ಲೂ ಮಸುಕಿನ ಮೇಲೆ ಅವಳಿಗೆ ವಿಪರೀತ ಪ್ರೀತಿ. ಒಂದು ಮುಖ ಮಾತ್ರ ತಿಳಿಯಾಗಿ, ಹಿಂದಿನದೆಲ್ಲ ಬೆಣ್ಣೆಯಂತೆ ಕರಗಿಹೋಗುವುದನ್ನು ನೋಡುತ್ತ ಕೂತರೆ ಅವಳಿಗೆ ಊಟದ ನೆನಪೂ ಬರುತ್ತಿರಲಿಲ್ಲ.

ಆಗ ಬಂತು ಲಾಂಚಿನ ಸಿನಿಮಾ. ಜನರನ್ನೂ ವಾಹನಗಳನ್ನೂ ಹೊತ್ತು ದೊಡ್ಡ ಹೊಳೆ ದಾಟಿಸುವ ಒಂದು ಹಳೆಯ ಲಾಂಚು, ಅದನ್ನು ನಡೆಸುವ ಹೆಂಗಸು, ದಡದಲ್ಲಿ ಉಳಿಯುವ ಅವಳ ತಂಗಿ. ಕಥೆ ಇವರದ್ದು. ನಿರ್ದೇಶಕಿ ನರೆತ ಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡ, ಮಾತು ಕಡಿಮೆಯ ಹೆಂಗಸು. ಇಷ್ಟವಾಗದಿದ್ದರೆ ಬೈಯುತ್ತಿರಲಿಲ್ಲ; ಪೆನ್ಸಿಲ್ ಕಚ್ಚುತ್ತ ಸುಮ್ಮನಿದ್ದುಬಿಡುತ್ತಿದ್ದರು. ಬೈದಿದ್ದರೇ ಚೆನ್ನಾಗಿತ್ತು ಎಂದು ಎಲ್ಲರಿಗೂ ಅನ್ನಿಸುತ್ತಿತ್ತು.

ಲಾಂಚು ಮೊದಲ ಬಾರಿ ಹೊಳೆಗಿಳಿಯುವ ದೃಶ್ಯವನ್ನು ಗುಬ್ಬಿಗೇ ಕೊಟ್ಟಿದ್ದರು. ಅವಳು ಪ್ರಾಣವಿಟ್ಟು ಮಾಡಿದಳು. ಲಾಂಚು ಮಾತ್ರ ಸ್ಪಷ್ಟ, ಹಿಂದಿನ ದಡದ ಮರಗಳು ಹಸಿರು ಮಂಜಿನಂತೆ. ಮಸುಕಣ್ಣ ನೋಡಿ ಭೇಷ್ ಎಂದ. ಪರಿಶೀಲನೆಯ ಕೋಣೆಯಲ್ಲಿ ದೀಪವಾರಿಸಿ ದೊಡ್ಡ ಪರದೆಗೆ ಹಾಕಿದಾಗ ನಿರ್ದೇಶಕಿ ಪೆನ್ಸಿಲ್ ಕಚ್ಚಿದರು. ಎರಡನೆಯ ಸಲ ಹಾಕಿಸಿದರು. ಆಮೇಲೆ ಮೆಲ್ಲಗೆ, "ಚಂದ ಇದೆ. ಆದ್ರೆ ಇದು ಸ್ನಾನದ ಟಬ್ಬಿನಲ್ಲಿ ಬಿಟ್ಟ ಆಟದ ದೋಣಿ ಥರ ಕಾಣುತ್ತೆ. ಯಾಕೆ ಅಂತ ನನಗೆ ಗೊತ್ತಾಗ್ತಿಲ್ಲ," ಎಂದರು.

ಯಾಕೆಂದು ಯಾರಿಗೂ ಗೊತ್ತಾಗಲಿಲ್ಲ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಕಂಪ್ಯೂಟರಿನಲ್ಲಿ ಲಾಂಚು ಕಟ್ಟಿದವರು ನೀರು ಸರಿಯಿಲ್ಲವೆಂದರು, ನೀರಿನವರು ಬೆಳಕಿನ ಕಡೆ ಬೆರಳು ತೋರಿಸಿದರು, ಬೆಳಕಿನವರು ಲಾಂಚಿಗೆ ತುಕ್ಕು ಸಾಲದು ಎಂದರು. ತುಕ್ಕು ಬಳಿದದ್ದಾಯಿತು, ನೊರೆಯನ್ನು ಸಣ್ಣಗೆ ಮಾಡಿದ್ದಾಯಿತು, ಮೇಲ್ಗಡೆಯ ಕಂಬಿಗೆ ಒಣಹಾಕಿದ ಟವೆಲನ್ನೂ ಇಟ್ಟದ್ದಾಯಿತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ, ಯಾವುದೂ ಹತ್ತಲಿಲ್ಲ. ಈಗ ಅದು ತುಕ್ಕು ಹಿಡಿದ ಆಟದ ದೋಣಿಯಾಗಿತ್ತು.

ಗುಬ್ಬಿಯನ್ನು ಬೇರೆಯೇ ಒಂದು ಅಳುಕು ಕೊರೆಯುತ್ತಿತ್ತು. ನಿರ್ದೇಶಕಿ ಹೇಳಿದ ಮೇಲೆ ಎಲ್ಲರಿಗೂ ಆಟಿಕೆಯಾಗಿ ಕಂಡದ್ದು ತನಗೆ ಹಾಗೆ ಕಂಡಿರಲಿಲ್ಲ. ಇದು ಇಲ್ಲದ ಕಣ್ಣಿನ ದೋಷವೇ? ಹೀಗೆ ಅವಳಿಗೆ ಈ ಕೆಲಸದಲ್ಲಿ ಎಂದೂ ಅನ್ನಿಸಿರಲಿಲ್ಲ. ತಡೆಯಲಾಗದೆ ಮಸುಕಣ್ಣನನ್ನು ಒಂದು ಕಣ್ಣು ಮುಚ್ಚಿಕೊಂಡು ನೋಡಲು ಹೇಳಿದಳು. ಅವನು ಅಂಗೈಯಿಂದ ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ, ಹೀಗೂ ಆಟಿಕೆಯೇ ಎಂದ. ಅಲ್ಲಿಗೆ ತಪ್ಪು ಕಣ್ಣಿನದಲ್ಲ ಎಂದಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ತನ್ನದು ಆ ಕಾಯಿಲೆ ಇರಬಹುದೆಂದು ಅವಳಿಗೆ ಮೊದಲ ಬಾರಿ ಗುಮಾನಿ ಬಂತು.

ರಜೆಯ ದಿನ ಅವಳು ಚಿಕ್ಕಪ್ಪನನ್ನೂ ಅವನ ಕ್ಯಾಮೆರಾವನ್ನೂ ಕರೆದುಕೊಂಡು ಬಸ್ಸು ಹತ್ತಿ ಹೊಳೆಯ ದಡಕ್ಕೆ ಹೋದಳು. ಅಲ್ಲಿ ನಿಜವಾದ ಲಾಂಚೊಂದು ಓಡಾಡುತ್ತಿತ್ತು. ತನ್ನ ದೃಶ್ಯದಲ್ಲಿ ಇದ್ದಂತೆಯೇ ಲಾಂಚು ಮಾತ್ರ ಸ್ಪಷ್ಟವಾಗಿ, ಆಚೆ ದಡ ಕರಗಿದ ಒಂದು ಫೋಟೋ ತೆಗೆದು ತೋರಿಸು ಎಂದಳು. ಅದೇನು ಮಹಾ, ಬಾಯಿ ಅಗಲವಾದಷ್ಟೂ ಹಿನ್ನೆಲೆ ಕರಗುತ್ತದೆ ಎಂದು ಚಿಕ್ಕಪ್ಪ ಲೆನ್ಸನ್ನು ಪೂರ್ತಿ ತೆರೆದು ಫೋಟೋ ಹೊಡೆದ. ಆಚೆ ದಡದ ಮರಗಳು ಎಲೆ ಎಣಿಸುವಷ್ಟು ತಿಳಿಯಾಗಿ ಬಂದವು. ಲೆನ್ಸು ಬದಲಿಸಿದ. ಮೆಟ್ಟಿಲಿಳಿದು ನೀರಿನ ಅಂಚಿಗೆ ಹೋದ. ಮೊಣಕಾಲೂರಿದ. ಏನು ಮಾಡಿದರೂ ಲಾಂಚು, ದಡ, ಹಿಂದಿನ ಗುಡ್ಡ ಎಲ್ಲ ಒಟ್ಟಿಗೇ ಸ್ಪಷ್ಟ. ಕೊನೆಗೆ ಬೆವರೊರೆಸಿಕೊಂಡು, "ಅಷ್ಟು ದೂರ ಹೋದ್ಮೇಲೆ ಲೆನ್ಸಿಗೆ ಎಲ್ಲಾ ಒಂದೇ ಕಣೇ. ಹತ್ತಿರದ್ದಾದ್ರೆ ಮಸುಕು ಮಾಡಿಕೊಡ್ತೀನಿ. ಇದನ್ನ ಮಾಡೋಕಾಗಲ್ಲ," ಎಂದ.

"ಯಾಕೆ ಆಗಲ್ಲ?"

"ಯಾಕೆ ಅಂದ್ರೆ? ಆಗಲ್ಲ ಅಂದ್ರೆ ಆಗಲ್ಲ. ಇಷ್ಟು ವರ್ಷದಲ್ಲಿ ಯಾರೂ ನನ್ನನ್ನ ಯಾಕೆ ಅಂತ ಕೇಳಿಲ್ಲ."

ಬಸ್ಸಿನಲ್ಲಿ ಇಬ್ಬರೂ ಅದನ್ನೇ ಮೆಲುಕು ಹಾಕುತ್ತ ಕೂತರು. ಮನೆಗೆ ಬಂದವಳೇ ಗುಬ್ಬಿ ಕೈ ತೊಳೆಯುವ ಬೇಸಿನ್ನಿನಲ್ಲಿ ನೀರು ತುಂಬಿಸಿ ಅಮ್ಮನ ಸೋಪಿನ ಡಬ್ಬಿಯನ್ನು ತೇಲಿಬಿಟ್ಟಳು. ಕ್ಯಾಮೆರಾ ಹತ್ತಿರ ಒಯ್ದು ಕಿಂಡಿಗೆ ಕಣ್ಣಿಟ್ಟು ಫೋಟೋ ತೆಗೆದರೆ, ಡಬ್ಬಿ ಸ್ಪಷ್ಟ. ನಲ್ಲಿಯೂ ಹಿಂದಿನ ಬಿಳಿ ಟೈಲ್ಸೂ ತಾವೇ ಕರಗಿಹೋಗಿದ್ದವು. ಬಣ್ಣ ಬೇರೆ ಎಂಬುದನ್ನು ಬಿಟ್ಟರೆ ಅದು ಥೇಟ್ ಅವಳ ಲಾಂಚಿನ ದೃಶ್ಯ.

ಅವಳು ಅಲ್ಲೇ ಒದ್ದೆ ಕೈಯಲ್ಲಿ ನಿಂತುಬಿಟ್ಟಳು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ ಇದು. ಮಸುಕು ದೂರವನ್ನಷ್ಟೇ ಹೇಳುವುದಿಲ್ಲ, ಗಾತ್ರವನ್ನೂ ಹೇಳುತ್ತದೆ. ಅಂಗೈಯಗಲದ ವಸ್ತುವನ್ನು ಹತ್ತಿರದಿಂದ ನೋಡಿದಾಗ ಮಾತ್ರ ಹಿನ್ನೆಲೆ ಹಾಗೆ ಕರಗುವುದು. ನೋಡುವವರ ಕಣ್ಣು ಇದನ್ನು ಲೆಕ್ಕವಿಲ್ಲದಷ್ಟು ಸಲ ಕಂಡಿದೆ; ಕಾರಣ ಗೊತ್ತಿಲ್ಲದಿದ್ದರೂ, ಇದು ಚಿಕ್ಕದು ಎಂದು ಒಳಗಿನಿಂದ ಹೇಳಿಬಿಡುತ್ತದೆ. ಅವಳೋ ಕಂಪ್ಯೂಟರಿನಲ್ಲಿ ಮಸುಕಿನ ಗುಂಡಿಯನ್ನು ಚಂದ ಕಂಡಷ್ಟು ತಿರುಗಿಸುತ್ತ ಹೋಗಿದ್ದಳು. ಅದು ಬೇಡವೆನ್ನುವ ಯಂತ್ರವಲ್ಲ. ಕೇಳಿದಷ್ಟೂ ಕೊಟ್ಟಿತ್ತು.

ಮರುದಿನ ಮಸುಕಣ್ಣನ ಜೊತೆ ಕೂತು ಲೆಕ್ಕ ಹಾಕಿದಳು. ನಿಜವಾದ ಹೊಳೆಯಲ್ಲಿ ನಿಜವಾದ ಲಾಂಚನ್ನು ಅಷ್ಟು ಮಸುಕಿನಲ್ಲಿ ಹಿಡಿಯಬೇಕಾದರೆ ಲೆನ್ಸಿನ ಬಾಯಿ ಎಷ್ಟಗಲ ಇರಬೇಕು? ಮನೆಯ ಮುಂಬಾಗಿಲಿನಷ್ಟು ಎಂದು ಉತ್ತರ ಬಂತು. ಅಂಥ ಕ್ಯಾಮೆರಾ ಎತ್ತಿ ಹಿಡಿಯಬೇಕಾದರೆ ಮನುಷ್ಯ ಎಷ್ಟೆತ್ತರ ಇರಬೇಕೆಂದು ಮಸುಕಣ್ಣ ಕೇಳಿದ. ನಾವು ಇಷ್ಟು ದಿನ ಕ್ಯಾಮೆರಾವನ್ನು ಒಬ್ಬ ದೈತ್ಯನ ಕೈಗೆ ಕೊಟ್ಟಿದ್ದೆವು, ಅವನಿಗೆ ಲಾಂಚು ಆಟಿಕೆಯಾಗಿ ಕಾಣದೆ ಇನ್ನೇನು ಎಂದಳು ಗುಬ್ಬಿ.

ಪರಿಶೀಲನೆಯ ಕೋಣೆಯಲ್ಲಿ ಅವಳು ಸುತ್ತುಬಳಸು ಮಾಡಲಿಲ್ಲ. ತಪ್ಪು ನನ್ನದೇ, ನೀರಿನದೂ ಅಲ್ಲ, ತುಕ್ಕಿನದೂ ಅಲ್ಲ ಎಂದು ಹೇಳಿ ಸೋಪಿನ ಡಬ್ಬಿಯ ಫೋಟೋವನ್ನು ದೊಡ್ಡ ಪರದೆಗೆ ಹಾಕಿದಳು. ಕೋಣೆಯಲ್ಲಿ ನಗು ಎದ್ದಿತು. ಆಮೇಲೆ ಮನುಷ್ಯನ ಕೈಗೆ ಹಿಡಿಸುವ ಲೆನ್ಸಿನಿಂದ ಹಿಡಿದ ಹೊಸ ದೃಶ್ಯ ಹಾಕಿದಾಗ ನಗು ತಾನಾಗಿ ನಿಂತಿತು. ಆಚೆ ದಡ ಸ್ಪಷ್ಟವಾಗಿತ್ತು, ದೂರದ ಮಬ್ಬಿಗೆ ಒಂಚೂರು ಬಿಳಿಚಿತ್ತು ಅಷ್ಟೇ. ಅದರ ಮುಂದೆ ಲಾಂಚು ಒಂದು ಕಟ್ಟಡದ ಹಾಗೆ ಮೆಲ್ಲಗೆ ಸರಿದುಹೋಯಿತು. ನೀರಿನ ವಿಭಾಗದವನೊಬ್ಬ ತನಗೆ ಬೈದವರೆಲ್ಲ ಸಾಲಾಗಿ ಬಂದು ಕಾಫಿ ಕೊಡಿಸಬೇಕೆಂದ. ನಿರ್ದೇಶಕಿ ಪೆನ್ಸಿಲನ್ನು ಬಾಯಿಂದ ತೆಗೆದು ಕಿವಿಯ ಮೇಲೆ ಸಿಕ್ಕಿಸಿಕೊಂಡರು. ಅವರು ಹಾಗೆ ಮಾಡಿದ್ದನ್ನು ಯಾರೂ ಅದಕ್ಕೆ ಮೊದಲು ನೋಡಿರಲಿಲ್ಲ.

ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಕಥೆಯ ಕೊನೆಯಲ್ಲಿ ಅಕ್ಕ ಲಾಂಚಿನೊಡನೆ ದೂರದ ಬಂದರಿಗೆ ಹೊರಟುಬಿಡುತ್ತಾಳೆ. ದಡದಲ್ಲಿ ನಿಂತ ತಂಗಿಯ ಕಣ್ಣಿನಿಂದ ಅದನ್ನು ತೋರಿಸಬೇಕು, ಕ್ಯಾಮೆರಾ ಕೈಯಲ್ಲಿ ಹಿಡಿದಂತಿರಬೇಕು ಎಂದು ನಿರ್ದೇಶಕಿ ಬಯಸಿದ್ದರು. ಕಂಪ್ಯೂಟರಿಗೆ ಅಲುಗಾಡು ಎಂದರೆ ಅದು ಜ್ವರ ಬಂದವರ ಹಾಗೆ ನಡುಗುತ್ತಿತ್ತು. ಕೈಯ ಚಲನೆಯನ್ನು ಅಳೆದು ಕಂಪ್ಯೂಟರಿಗೆ ಕಳಿಸುವ ಒಂದು ಚೌಕಟ್ಟು ಕಂಪನಿಯಲ್ಲಿತ್ತು. ಅದನ್ನು ಹಿಡಿದು ಖಾಲಿ ಕೋಣೆಯಲ್ಲಿ ನಿಂತರೆ ಚೌಕಟ್ಟಿನ ಪರದೆಯಲ್ಲಿ ಹೊಳೆ ಕಾಣುತ್ತದೆ. ಹಿಡಿದವರು ಹೇಗೆ ಅಲುಗುತ್ತಾರೋ ಸಿನಿಮಾದ ಕ್ಯಾಮೆರಾವೂ ಹಾಗೇ ಅಲುಗುತ್ತದೆ. ವಿಭಾಗದವರೆಲ್ಲ ಸರದಿಯಲ್ಲಿ ಹಿಡಿದರು. ಅಲುಗಾಡಿಸಬೇಕೆಂದೇ ಅಲುಗಾಡಿಸಿದ್ದು ಎದ್ದು ಕಾಣುತ್ತಿತ್ತು. ಗುಬ್ಬಿ ಹಿಡಿದಾಗ ಕ್ಯಾಮೆರಾ ಏನೋ ಕಳೆದುಕೊಂಡವರಂತೆ ಅತ್ತಿತ್ತ ಹುಡುಕಾಡಿತು, ಅದೂ ಬೇಡವಾಯಿತು.

ಕೈಯಲ್ಲಿ ಕ್ಯಾಮೆರಾ ಹಿಡಿದೇ ಬದುಕಿದವನು ಮನೆಯಲ್ಲೇ ಇದ್ದಾನಲ್ಲ ಎಂದು ಅವಳಿಗೆ ಹೊಳೆಯಿತು. ಅನುಮತಿ ಕೇಳಿ ಚಿಕ್ಕಪ್ಪನನ್ನು ಕರೆತಂದಳು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ, ಮೊಣಕೈಯನ್ನು ಪಕ್ಕೆಗೆ ಒತ್ತಿ, ಉಸಿರು ಬಿಗಿಹಿಡಿದು ಚೌಕಟ್ಟು ಎತ್ತಿದ. ಕ್ಯಾಮೆರಾ ಕಂಬದಂತೆ ನಿಂತಿತು. ಸ್ವಲ್ಪ ಅಲ್ಲಾಡಿಸಿ ಎಂದು ಮಸುಕಣ್ಣ ಬೇಡಿಕೊಂಡ. ಅಲ್ಲಾಡಬೇಡಿ ಎಂದು ಊರಿಗೆಲ್ಲ ಹೇಳಿದ ಬಾಯಿ ಇದು, ಈಗ ನಾನೇ ಅಲ್ಲಾಡಲಾ ಎಂದು ಚಿಕ್ಕಪ್ಪ ನಿಜವಾಗಿಯೂ ನೊಂದುಕೊಂಡ. ಎಷ್ಟು ಪ್ರಯತ್ನಪಟ್ಟರೂ ಅವನ ಕೈ ಕೇಳಲಿಲ್ಲ. ಕಡೆಗೆ ಅವನನ್ನು ಕ್ಯಾಂಟೀನಿಗೆ ಕರೆದೊಯ್ದು ಸಮಾಧಾನ ಮಾಡಬೇಕಾಯಿತು.

ಬಾಗಿಲ ಬಳಿ ನಿಂತು ಇದನ್ನೆಲ್ಲ ನೋಡುತ್ತಿದ್ದ ನಿರ್ದೇಶಕಿ ಚೌಕಟ್ಟನ್ನು ಇಸಿದುಕೊಂಡರು. ಚಪ್ಪಲಿ ಕಳಚಿಟ್ಟು ಕೋಣೆಯ ನಡುವೆ ನಿಂತರು. ಪರದೆಯಲ್ಲಿ ಲಾಂಚು ಹೊರಟಿತು. ಮೊದಲು ಅವರು ಸುಮ್ಮನೆ ನಿಂತಿದ್ದರು. ಉಸಿರಿಗೆ ತಕ್ಕಂತೆ ಚಿತ್ರ ಕೊಂಚ ಏರುತ್ತಿತ್ತು, ಇಳಿಯುತ್ತಿತ್ತು. ಲಾಂಚು ನಡುನೀರಿಗೆ ಹೋದಾಗ ಚಿತ್ರ ಇದ್ದಕ್ಕಿದ್ದಂತೆ ಮೇಲಕ್ಕೆದ್ದು, ಒಂದು ಕ್ಷಣ ತೂಗಾಡಿ, ಮತ್ತೆ ಕುಸಿಯಿತು. ಮತ್ತೊಮ್ಮೆ ಎದ್ದಿತು. ಗುಬ್ಬಿ ಕೆಳಗೆ ನೋಡಿದಳು. ಆ ಹಿರಿಯ ಹೆಂಗಸು ಬರಿಗಾಲಿನ ಬೆರಳುಗಳ ಮೇಲೆ ನಿಂತಿದ್ದರು.

ಲಾಂಚು ಮರೆಯಾದ ಮೇಲೆ ಅವರು ಚೌಕಟ್ಟು ಕೆಳಗಿಟ್ಟರು. ಗುಬ್ಬಿಗೆ ಕೇಳದೆ ಇರುವುದಕ್ಕಾಗಲಿಲ್ಲ. "ಮೇಡಂ, ಯಾಕೆ ಹಾಗೆ ತುದಿಗಾಲಲ್ಲಿ ನಿಂತ್ರಿ?"

ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದರು. "ನಮ್ಮಕ್ಕ ಹಡಗಿನ ಕೆಲಸಕ್ಕೆ ಸೇರಿ ಹೊರಟ ದಿನ ಬಂದರಿನಲ್ಲಿ ಸಿಕ್ಕಾಪಟ್ಟೆ ಜನ. ನಾನು ಆಗ ಕುಳ್ಳಿ. ಮುಂದೆ ನಿಂತವರ ತಲೆ ಅಡ್ಡ ಬರ್ತಿತ್ತು."

ಅಕ್ಕ ಈಗಲೂ ವಾರಕ್ಕೊಮ್ಮೆ ಫೋನು ಮಾಡಿ ಗಂಟೆಗಟ್ಟಲೆ ಹರಟುತ್ತಾಳೆಂದೂ, ದುಃಖಪಡುವಂಥದ್ದೇನೂ ಆಗಿಲ್ಲವೆಂದೂ ಅವರೇ ಆಮೇಲೆ ಹೇಳಿದರು. ಆ ದಿನದ್ದು ಮಾತ್ರ ಮೈಯಲ್ಲಿ ಉಳಿದುಕೊಂಡಿದೆಯೆಂದು ಅವರಿಗೂ ಗೊತ್ತಿರಲಿಲ್ಲವಂತೆ. ಗುಬ್ಬಿ ಆ ಚಲನೆಯ ಒಂದು ಎಳೆಯನ್ನೂ ತಿದ್ದಲಿಲ್ಲ. ಬದಲಿಗೆ ದೃಶ್ಯದ ಮುಂಭಾಗದಲ್ಲಿ ಜನರ ತಲೆಗಳನ್ನು ತಂದಿಟ್ಟಳು. ಅವು ತೀರ ಹತ್ತಿರ ಇದ್ದುದರಿಂದ ಧಾರಾಳವಾಗಿ ಮಸುಕು ಮಾಡಬಹುದಿತ್ತು. ಅಷ್ಟರಮಟ್ಟಿಗೆ ಅವಳ ಆಸೆಯೂ ತೀರಿತು.

ಸಿನಿಮಾ ಬಿಡುಗಡೆಯಾದ ವಾರ ಅವಳು ಅಮ್ಮನನ್ನೂ ಚಿಕ್ಕಪ್ಪನನ್ನೂ ಕರೆದುಕೊಂಡು ಮಧ್ಯಾಹ್ನದ ಆಟಕ್ಕೆ ಹೋದಳು. ಚಿಕ್ಕಪ್ಪ ಪ್ರತಿ ದೃಶ್ಯಕ್ಕೂ ಬೆಳಕು ಯಾವ ಕಡೆಯಿಂದ ಬಂದಿದೆಯೆಂದು ಪಿಸುಗುಟ್ಟಿ ಹಿಂದಿನವರಿಂದ ಬೈಸಿಕೊಂಡ. ನಡುವೆ ಬಿರುಗಾಳಿಯ ದೃಶ್ಯ ಬಂತು. ಲಾಂಚಿನ ಮೂತಿಗೆ ಬಡಿದ ಅಲೆ ಸಿಡಿದು, ಇಲ್ಲದ ಕ್ಯಾಮೆರಾದ ಇಲ್ಲದ ಗಾಜಿನ ಮೇಲೆ ಹನಿಗಳು ಬಿದ್ದು ಜಾರಿದವು. ಆ ಹನಿಗಳು ಬೇಕೋ ಬೇಡವೋ ಎಂದು ಮಸುಕಣ್ಣನಿಗೂ ಅವಳಿಗೂ ದಿನಗಟ್ಟಲೆ ವಾದ ನಡೆದಿತ್ತು. ಈಗ ಅವಳು ಪರದೆ ಬಿಟ್ಟು ಜನರನ್ನು ನೋಡಿದಳು. ಮುಂದಿನ ಸಾಲಿನಲ್ಲಿದ್ದ ದಪ್ಪ ಕನ್ನಡಕದ ಮುದುಕರೊಬ್ಬರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು, ಹನಿ ಇನ್ನೂ ಹೋಗಿಲ್ಲವೆಂದು ಕಂಡು, ತಮ್ಮಷ್ಟಕ್ಕೆ ತಾವೇ ನಕ್ಕರು. ಗುಬ್ಬಿ ಖುಷಿಗೆ ಅಮ್ಮನ ಕೈ ಹಿಸುಕಿದಳು. ಅಮ್ಮನಿಗೆ ಯಾಕೆಂದು ತಿಳಿಯಲಿಲ್ಲ.

ಆಟ ಮುಗಿದು ಮೆಟ್ಟಿಲಿಳಿಯುವಾಗ ಅಮ್ಮ ಏನನ್ನೋ ಯೋಚಿಸುತ್ತಿದ್ದರು. ಬೀದಿಗೆ ಬಂದ ಮೇಲೆ ಮಗಳ ತೋಳು ಹಿಡಿದು ನಿಲ್ಲಿಸಿದರು.

"ಅಲ್ಲ ಕಣೇ, ಆ ಬಿರುಗಾಳಿಯಲ್ಲಿ ಲಾಂಚಿನ ಮುಂದೆ, ನೀರಿನ ಮಧ್ಯೆ ಯಾರೋ ಕ್ಯಾಮೆರಾ ಹಿಡ್ಕೊಂಡು ನಿಂತಿದ್ದ ಹಾಗಾಯ್ತಲ್ಲ. ಅವರು ಯಾರು?"

ಯಾರೂ ಇಲ್ಲಮ್ಮ, ಅದೆಲ್ಲ ಕಂಪ್ಯೂಟರು ಎಂದಳು ಗುಬ್ಬಿ. ಅದು ನನಗೂ ಗೊತ್ತು, ಆದರೆ ಒದ್ದೆಯಾದದ್ದು ಯಾರೋ ಒಬ್ಬರು ತಾನೆ ಎಂದರು ಅಮ್ಮ. ಮುಳುಗದ ಹಾಗೆ ಲಾಂಚಿಗೆ ಹಗ್ಗ ಕಟ್ಟಿಕೊಂಡಿರಬೇಕು ಎಂದು ಚಿಕ್ಕಪ್ಪ ಗಂಭೀರವಾಗಿ ಸೂಚಿಸಿದ. ಹಾಗಾದರೆ ಹಗ್ಗ ಕಾಣಬೇಕಿತ್ತು ಎಂದರು ಅಮ್ಮ. ಗುಬ್ಬಿಗೆ ಲಾಂಚನ್ನು ಆಟಿಕೆ ಮಾಡಿದ ಆ ದೈತ್ಯನ ನೆನಪಾಯಿತು; ಬಿರುಗಾಳಿಯಲ್ಲಿ ಕ್ಯಾಮೆರಾ ಯಾರ ಕೈಯಲ್ಲಿತ್ತೆಂದು ತಾನು ಕೇಳಿಕೊಂಡೇ ಇರಲಿಲ್ಲ. ಮನೆಯ ಕಡೆಯ ಬಸ್ಸು ಬಂದು ನಿಂತು, ಕಂಡಕ್ಟರು ಹತ್ತುತ್ತೀರಾ ಇಲ್ಲವಾ ಎಂದು ಕೇಳುತ್ತಿದ್ದ. ಅವಳು ಕತ್ತು ಓರೆ ಮಾಡಿ ಮೆಟ್ಟಿಲಿನ ಎತ್ತರ ಅಳೆದು, ಕಂಬಿ ಹಿಡಿದು ಹತ್ತಿದಳು. ಸೀಟಿನಲ್ಲಿ ಕೂತ ಮೇಲೆ, ಆ ಪ್ರಶ್ನೆಯನ್ನು ಅಮ್ಮ ಇನ್ನೊಂದು ಸಲ ಮೊದಲಿನಿಂದ ಹೇಳಲಿ ಎಂದು ಅವರ ಕಡೆ ತಿರುಗಿದಳು.